ಕೆಂಪು ಸವತಿಯ ಬಂಪರ್

ಸೋಮವಾರ, ಬೆಳಿಗ್ಗೆ
ಹೊಲಿಗೆ ಅಂಗಡಿಯಿಂದ

ನನ್ನ ಮುದ್ದು ಚಿನ್ನಿಗೆ ಅಮ್ಮನ ನೂರು ಮುತ್ತು.

ಫೋನ್ ಬಿಟ್ಟು ಕಾಗದ ಬರೆಯುತ್ತಿದ್ದಾಳಲ್ಲ, ಏನಾಯಿತು ಇವಳಿಗೆ ಅಂದುಕೊಳ್ಳಬೇಡ. ಫೋನಿನಲ್ಲಿ ಮಾತಾಡಿದರೆ ಪಕ್ಕದಲ್ಲೇ ನಿಮ್ಮಪ್ಪನ ಕಿವಿ ಇರುತ್ತದೆ. ನಿನ್ನೆಯಿಂದ ನನ್ನ ಕಾಲು ನೆಲದ ಮೇಲೆ ನಿಲ್ಲುತ್ತಿಲ್ಲ.

ನಿನ್ನೆ ಹಳೆಯ ಕಾರುಗಳ ಮೆರವಣಿಗೆ ಇತ್ತು. ನನ್ನ ಕೆಂಪು ಸವತಿ ಗೊತ್ತಲ್ಲ, ನಿಮ್ಮಪ್ಪನ ಮೇಲ್ಛಾವಣಿಯಿಲ್ಲದ ಎರಡು ಸೀಟಿನ ಸ್ಪೋರ್ಟ್ಸ್ ಕಾರು? ಅದರ ಮುಂದಿನ ಬಂಪರ್ ಮಂಕಾಗಿದೆ, ಬಿಚ್ಚಿ ಪಾಲಿಶ್ ಮಾಡಿಸಬೇಕು ಎಂದು ಹೋದ ಸೋಮವಾರ ಕಾರಿನಡಿ ತೂರಿದರು. ಮೂರು ಬೋಲ್ಟ್ ಬಂದವು. ನಾಲ್ಕನೆಯದು ತುಕ್ಕು ಹಿಡಿದು ಜಪ್ಪಯ್ಯ ಎಂದರೂ ಕದಲಲಿಲ್ಲ. ಎಣ್ಣೆ ಬಿಟ್ಟು ಒಂದು ದಿನ ನೆನೆಯಲಿ ಅಂದೆ. ಕೇಳಿದರೆ ತಾನೇ? ಸ್ಪ್ಯಾನರ್ ಹಿಡಿದು ಜಗ್ಗಿದರು. ಬೋಲ್ಟ್ ಅಲ್ಲೇ ಇತ್ತು, ಬೆನ್ನು ಹಿಡಿದುಕೊಂಡಿತು.

ಮರುದಿನ ಅದನ್ನು ಬಿಚ್ಚಿದವಳು ನಾನು. ಬಂಪರ್ ಬಿದ್ದು ಗೀರಾಗದಿರಲೆಂದು ಕೆಳಗೆ ಹಳೆಯ ಕಂಬಳಿ ಹಾಸಿ ಇಳಿಸಿಕೊಂಡೆ. ಆಗಲೇ ಷರತ್ತು ಹಾಕಿದೆ: ತಿರುಗಿ ಕೂರಿಸುವುದೂ ನಾನೇ ಆದರೆ ಭಾನುವಾರ ಕಾರು ಓಡಿಸುವುದೂ ನಾನೇ. ಲೈಸೆನ್ಸ್ ಬಂದು ಆರು ವರ್ಷವಾಯಿತು, ಅಂಗಡಿಯ ವ್ಯಾನ್ ದಿನಾ ಓಡಿಸುತ್ತೇನೆ. ಆ ಕಾರಿನ ಸ್ಟಿಯರಿಂಗ್ ಮಾತ್ರ ಒಮ್ಮೆಯೂ ಕೈಗೆ ಸಿಕ್ಕಿರಲಿಲ್ಲ. ಎಷ್ಟು ಆಸೆಯಿತ್ತೆಂದು ನಿನಗೂ ಹೇಳಿರಲಿಲ್ಲ. "ಮೊದ್ಲು ಕೂರ್ಸು, ಆಮೇಲೆ ನೋಡೋಣ" ಅಂದರು. ಅವರ "ನೋಡೋಣ" ಎಂದರೆ ಏನೆಂದು ನಮ್ಮಿಬ್ಬರಿಗೂ ಗೊತ್ತು.

ಶುಕ್ರವಾರ ಬಂಪರ್ ಮುಖ ನೋಡಿಕೊಳ್ಳುವಷ್ಟು ಹೊಳಪಾಗಿ ಬಂತು. ನಿಮ್ಮಪ್ಪ ಸೊಂಟಕ್ಕೆ ಬಿಸಿನೀರಿನ ಚೀಲ ಒತ್ತಿಕೊಂಡು ಕುರ್ಚಿಯಲ್ಲಿ ಕೂತು ಅಪ್ಪಣೆ ಕೊಡಿಸತೊಡಗಿದರು. ಎಡಗಡೆಯ ಎರಡೂ ಬೋಲ್ಟ್ ಗಟ್ಟಿಯಾಗಿ ಬಿಗಿಸು ಅಂದರು, ಬಿಗಿಸಿದೆ. ಬಲಗಡೆ ತೂತಿಗೆ ತೂತು ಕೂಡಲಿಲ್ಲ. ಹೇಗೋ ಒತ್ತಿ ಕೂರಿಸಿ ಎದ್ದು ನೋಡಿದರೆ ಕಾರು ಸೊಟ್ಟಬಾಯಿ ಮಾಡಿಕೊಂಡು ನಿಂತಿತ್ತು. "ಬಂಪರ್ ಸರಿಯಾಗೇ ಇದೆ, ಗ್ಯಾರೇಜಿನ ನೆಲಾನೇ ಓರೆ" ಅಂದರು! ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಕೊರಳಲ್ಲಿದ್ದ ಟೇಪು ತೆಗೆದು ಹೆಡ್‌ಲೈಟಿನಿಂದ ಬಂಪರಿನವರೆಗೆ ಎರಡೂ ಕಡೆ ಅಳೆದೆ. ಅರ್ಧ ಇಂಚು ವ್ಯತ್ಯಾಸ. ನೆಲದ ಸುದ್ದಿ ಅಲ್ಲಿಗೆ ನಿಂತಿತು.

"ಇನ್ನು ನೀವು ಸುಮ್ನೆ ಕೂತ್ಕೊಳ್ಳಿ" ಅಂದೆ. ಮೂವತ್ತು ವರ್ಷದಿಂದ ಕೋಟಿಗೆ ತೋಳು ಕೂರಿಸುವವಳಿಗೆ ಇದು ತಿಳಿಯದೇ? ಮೊದಲು ಕಚ್ಚಾ ಹೊಲಿಗೆ, ಆಮೇಲೆ ಮೆಷಿನ್. ಎಲ್ಲಾ ಬಿಚ್ಚಿ ನಾಲ್ಕೂ ಬೋಲ್ಟುಗಳನ್ನು ಕೈಯಲ್ಲಷ್ಟೇ ತಿರುಗಿಸಿ ಸಡಿಲ ಬಿಟ್ಟೆ. ಅಳತೆ ಸರಿಮಾಡಿದೆ. ಆಮೇಲೆ ಆ ಕಡೆ ಒಂದು ಸುತ್ತು, ಈ ಕಡೆ ಒಂದು ಸುತ್ತು. ಕೂದಲೆಳೆಯಷ್ಟೂ ಓರೆಯಿಲ್ಲ! ನಿಮ್ಮಪ್ಪ ಹತ್ತಿರ ಬಂದು ನೋಡಿದರು, ದೂರ ಹೋಗಿ ನೋಡಿದರು, ತಪ್ಪು ಸಿಗಲಿಲ್ಲ. "ಹ್ಞೂಂ" ಅಂದರು. ಆ ಮನುಷ್ಯನ ಬಾಯಲ್ಲಿ ಅದೇ ದೊಡ್ಡ ಸನ್ಮಾನ.

ಭಾನುವಾರ ಬೆಳಿಗ್ಗೆ ಅವರೇ ಬಂದು ಕೀ ನನ್ನ ಅಂಗೈಯಲ್ಲಿಟ್ಟರು. "ಬೆನ್ನು ಇನ್ನೂ ಬಿಟ್ಟಿಲ್ಲ, ಕ್ಲಚ್ ಒತ್ತೋಕಾಗಲ್ಲ, ನೀನೇ ಓಡ್ಸು" ಅಂದರು. ಚಿನ್ನಿ, ಹಿಂದೆ ಮುಂದೆ ನಲವತ್ತು ಕಾರು, ತಲೆಯ ಮೇಲೆ ಬರೀ ಆಕಾಶ! ಜನ ಕೈ ಬೀಸಿದರೆ ನಾನೂ ಬೀಸಿದೆ. ನಿಮ್ಮಪ್ಪ ಪಕ್ಕದ ಸೀಟಿನಲ್ಲಿ ದಾರಿಯುದ್ದಕ್ಕೂ ಇಲ್ಲದ ಬ್ರೇಕ್ ತುಳಿಯುತ್ತಿದ್ದರು. ನಾನು ಹಾರ್ನ್ ಹೊಡೆದೂ ಹೊಡೆದೂ ನಕ್ಕೆ. ಇಷ್ಟು ಖುಷಿ ನಿನ್ನನ್ನು ಹೆತ್ತ ದಿನ ಆಗಿತ್ತು, ಬಿಟ್ಟರೆ ನಿನ್ನೆ.

ನಿನ್ನ
ಡ್ರೈವರಮ್ಮ

ಇನ್ನೊಂದು ಮಾತು: ಶನಿವಾರ ಮಹಡಿಯ ಮೇಲಿನ ಅಂಗಡಿಯ ಕಿಟಕಿಯಿಂದ ಕೆಳಗೆ ನಮ್ಮ ಗ್ಯಾರೇಜಿನ ಕಡೆ ನೋಡಿದೆ. ನಿಮ್ಮಪ್ಪ ಶಿಳ್ಳೆ ಹಾಕುತ್ತಾ ಡಿಕ್ಕಿಯಿಂದ ಸ್ಟೆಪ್ನಿ ಎತ್ತಿ ಕೆಳಗಿಟ್ಟು, ಒರೆಸಿ, ಮತ್ತೆ ಎತ್ತಿ ಒಳಗಿಟ್ಟರು. ನಾನು ಇಳಿದು ಬರುವ ಸದ್ದು ಕೇಳಿದ್ದೇ ತಡ, ಸೊಂಟ ಹಿಡಿದುಕೊಂಡು "ಅಯ್ಯಪ್ಪಾ" ಎಂದು ಕುರ್ಚಿಗೆ ಕುಸಿದರು. ನಾನು ಏನೂ ಕಾಣದವಳಂತೆ ಬಿಸಿನೀರಿನ ಚೀಲ ತಂದುಕೊಟ್ಟೆ. ನೀನೂ ಬಾಯಿ ಬಿಡಬೇಡ. ಮುಂದಿನ ಭಾನುವಾರವೂ ಬೆನ್ನು ನೋಯುತ್ತದಂತೆ, ಈಗಲೇ ಹೇಳಿಟ್ಟಿದ್ದಾರೆ.