ಬುಡದಲ್ಲಿ ಹಲಗೆ ಇಲ್ಲದ ಇಂಜಿನ್

ಗಣಪಾ,

ಸತ್ತವರು ಕಾಗದ ಓದೋದಿಲ್ಲ ಅಂತ ನಂಗೂ ಗೊತ್ತು. ಅಡ್ಡ ಮಾತಾಡೋಕೆ ನೀನಿಲ್ಲ, ಅದಕ್ಕೇ ಬರೀತಿದ್ದೇನೆ.

ಇವತ್ತು ನಿನ್ನ ಮಗಳು ವಿನುತಾ ಹೊನ್ನಾವರದ ನಮ್ಮ ಶೆಡ್ಡಿಗೆ ಬಂದಿದ್ದಳು. ನಾಲ್ಕೂ ಚಕ್ರ ಹೊರಗೆ ಕಾಣ್ತದಲ್ಲ, ಆ ರೇಸ್ ಕಾರಿಗೆ ಅಂತಲೇ ಒಂದು ಇಂಜಿನ್ ಡಿಸೈನ್ ಮಾಡಿದ್ದಾಳೆ. ನಾನು ಬಿಚ್ಚಿಟ್ಟಿದ್ದ ಬೋಟ್ ಇಂಜಿನ್ ಪಕ್ಕದಲ್ಲೇ ನಕ್ಷೆ ಹಾಸಿದಳು.

"ಇದು ಕೂರೋ ಹಲಗೆ ಎಲ್ಲಿ ಮಾರಾಯ್ತಿ?" ಅಂದೆ.

"ಇದು ಬೋಟಲ್ಲ ದೊಡ್ಡಪ್ಪ. ಮುಂದೆ ಡ್ರೈವರ್ ಕೂರೋ ತೊಟ್ಟಿ, ಹಿಂದೆ ಚಕ್ರ. ನಡುವೆ ಇಂಜಿನ್ ಬಿಟ್ಟರೆ ಬೇರೆ ಎಂತ ಇಲ್ಲ. ಭಾರ ಎಲ್ಲ ಇದೇ ಹೊರಬೇಕು."

"ಇಂಜಿನ್ ಬ್ಲಾಕೇ ಒಡೀತದೆ."

"ಒಡೆಯೋ ಕಡೆ ಗೋಡೆ ದಪ್ಪ ಮಾಡಿದ್ದೇನೆ, ನೋಡಿ."

ನೋಡಿದೆ. ಸರಿ ಇತ್ತು. ನೀನು ಇದೇ ಶೆಡ್ಡಿನ ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದದ್ದೂ ಇದನ್ನೇ. ಆಗಲೂ ನಾನು 'ಒಡೀತದೆ' ಅಂತಲೇ ಅಂದಿದ್ದೆ. ಅವತ್ತು ತನ್ನ ಅಪ್ಪ ಯಾಕೆ ಪಾನಾ ಪೆಟ್ಟಿಗೆ ಎತ್ತಿಕೊಂಡು ಭಟ್ಕಳಕ್ಕೆ ಹೋದ ಅಂತ ಕೇಳಿದಳು. "ಚಾ ಆರ್ತದೆ, ಕುಡಿ" ಅಂದೆ.

ಹೊಸ ಇಂಜಿನ್ ಮೊದಲ ಸಲ ಚಾಲೂ ಮಾಡೋ ಮುಂಚೆ ಕಾಯಿ ಒಡೀಬೇಕಲ್ಲ. ಅದಕ್ಕೆ ಅವಳು ಕೆಲಸ ಮಾಡೋ ಕೊಯಮತ್ತೂರಿಗೆ ನಾನೇ ಬರಬೇಕಂತೆ. "ನಂಗೆ ಪುರುಸೊತ್ತಿಲ್ಲ" ಅಂತ ಬೈದು ಕಳಿಸಿದೆ.

ಸಂಜೆ ಒಳ್ಳೇ ಕಾಯಿ ಒಂದನ್ನು ಆರಿಸಿ, ಜುಟ್ಟು ಉಳಿಸಿ ಸುಲಿದೆ. ಬಟ್ಟೆಯಲ್ಲಿ ಸುತ್ತಿ ಚೀಲಕ್ಕೆ ಹಾಕಿದ್ದೇನೆ.

ನೀನು ಒಡೆಯಬೇಕಿದ್ದ ಕಾಯಿ ಅದು.