ಅಮ್ಮನಿಗೆ ಕಾಣದ ಐದು

ಜೂನ್ ೧೮, ಬುಧವಾರ

ಪ್ರೀತಿಯ ಅಣ್ಣಾ,

ತಂಗಿಯ ನಮಸ್ಕಾರ. ನಿನ್ನ ಎರಡು ಪತ್ರಗಳೂ ಬಂದಿವೆ. ಉತ್ತರ ಬರೆಯಲಿಲ್ಲವೆಂದು ಮುಖ ಊದಿಸಿಕೊಂಡು ಕೂತಿರಬೇಡ. ಫೋನಾದರೂ ಮಾಡಬಹುದಿತ್ತಲ್ಲ ಎನ್ನುತ್ತೀ, ಗೊತ್ತು. ನಿನ್ನ ದನಿ ಕೇಳಿದರೆ ಅತ್ತೇಬಿಡುತ್ತೇನೆಂದು ಹೆದರಿ ಕಾಗದ ಹಿಡಿದಿದ್ದೇನೆ. ಅತ್ತಿಗೆಯ ಮಂಡಿನೋವು ಹೇಗಿದೆ? ನಿನ್ನ ಮುದ್ರಣಾಲಯದಲ್ಲಿ ಕೆಲಸ ಜಾಸ್ತಿಯೇ? ಕಣ್ಣಿಗೆ ಸ್ವಲ್ಪ ಬಿಡುವು ಕೊಡು. ಇಲ್ಲಿ ನಾವೆಲ್ಲ ಚೆನ್ನಾಗಿದ್ದೇವೆ ಎಂದು ಬರೆಯೋಣವೆಂದರೆ ಕೈ ಬರುತ್ತಿಲ್ಲ.

ನಿನ್ನ ಸೋದರಳಿಯ ಪಿಯುಸಿ ಪಾಸಾದ ಸುದ್ದಿ ನಿನಗೆ ಗೊತ್ತೇ ಇದೆ. ಒಳ್ಳೇ ಅಂಕಗಳೇ ಬಂದಿವೆ. ಬಂದವರೆಲ್ಲ ಕಂಪ್ಯೂಟರ್ ಓದಿಸಿ ಎಂದರು. ನಮ್ಮ ಯಜಮಾನರು, ಲಿಫ್ಟ್ ರಿಪೇರಿ ಮಾಡಿ ಮಾಡಿ ಮೇಲೂ ಕೆಳಗೂ ಒಂದೇ ಎನ್ನುವ ಮನುಷ್ಯ, "ಅವನಿಗೆ ಇಷ್ಟ ಬಂದದ್ದು ಓದಲಿ ಬಿಡೇ" ಎಂದುಬಿಟ್ಟರು. ಅವನಿಗೆ ಇಷ್ಟ ಬಂದದ್ದು ಯಾವುದು ಹೇಳು? ಬಿ.ಎಸ್ಸಿ. ಅದರಲ್ಲೂ ರಸಾಯನಶಾಸ್ತ್ರ! ಕೆಂಪು ಯಾವುದು ಹಸಿರು ಯಾವುದು ತಿಳಿಯದ ಹುಡುಗನಿಗೆ, ಬಣ್ಣ ನೋಡಿಯೇ ಎಲ್ಲವನ್ನೂ ಹೇಳಬೇಕಾದ ಓದು.

ನಿನ್ನ ಕಣ್ಣೇ ಅವನಿಗೆ ಬಂದಿದೆ ಎಂದು ಅವನು ಚಿಕ್ಕವನಿದ್ದಾಗಲೇ ನೀನು ಕಂಡುಹಿಡಿದೆ. ನಾನು ಅಂದಿನಿಂದಲೂ ಅದನ್ನು ಮುಚ್ಚಿಡುತ್ತಲೇ ಬಂದೆ. ಹಾಕಿಕೊಳ್ಳುವ ಅಂಗಿ ನಾನೇ ತೆಗೆದಿಟ್ಟೆ. ಟೊಮ್ಯಾಟೊ ಹಿಸುಕಿ ನೋಡಿ ತರಲು ಕಲಿಸಿದೆ. ದಾರದ ಅಂಗಡಿಯಲ್ಲಿ ನಿಂತು ದಿನವಿಡೀ ಜನರ ಬಟ್ಟೆಗೆ ದಾರದ ಬಣ್ಣ ಹೊಂದಿಸಿ ಕೊಡುವ ನನ್ನ ಹೊಟ್ಟೆಯಲ್ಲೇ ಇವನು ಹುಟ್ಟಬೇಕೇ! ಪಿಯುಸಿ ಪ್ರಯೋಗಾಲಯದಲ್ಲಿ ಪಕ್ಕದ ಹುಡುಗ ಇವನ ಗಾಜಿನ ಪಾತ್ರೆಯಲ್ಲಿ ಬಣ್ಣ ತಿರುಗಿದ ಕೂಡಲೇ ಇವನಿಗೆ ಗೊತ್ತಾಗಲೆಂದು ಕೆಮ್ಮುತ್ತಿದ್ದನಂತೆ. ವರ್ಷವಿಡೀ ಕೆಮ್ಮಿದ್ದಾನೆ. ಮೇಷ್ಟ್ರು ಕೊನೆಗೆ ಗಾಬರಿಯಾಗಿ ಅವನನ್ನು ಎಕ್ಸ್‌ರೇ ತೆಗೆಸಿಕೊಂಡು ಬಾ ಎಂದು ಕಳಿಸಿದ್ದರು.

"ಸಂಖ್ಯಾಶಾಸ್ತ್ರ ತಗೊಳೋ, ಅಲ್ಲಿ ಬಣ್ಣದ ಗೊಡವೆ ಇಲ್ಲ" ಎಂದು ಗೋಗರೆದೆ. "ಸಂಖ್ಯೆಗೆ ವಾಸನೆ ಇಲ್ಲಮ್ಮ, ಹೊಗೆ ಇಲ್ಲ, ಬಿಸಿ ಇಲ್ಲ. ಅದನ್ನ ಇಟ್ಕೊಂಡು ನಾನೇನ್ ಮಾಡ್ಲಿ?" ಎಂದ. ನನ್ನ ಮಾತನ್ನು ಕಿವಿ ಮೇಲೆ ಹಾಕಿಕೊಳ್ಳಲಿಲ್ಲ. ಹಟದಲ್ಲಿ ಥೇಟ್ ನೀನೇ.

ಅವನು ಆರಿಸಿದ ಕಾಲೇಜಿನಲ್ಲಿ ರಸಾಯನಶಾಸ್ತ್ರಕ್ಕೆ ಸೇರುವವರು ಕಣ್ಣಿನ ಪರೀಕ್ಷೆ ಮಾಡಿಸಿ ಡಾಕ್ಟರ ಸರ್ಟಿಫಿಕೇಟ್ ತರಬೇಕು. ಆ ಸಾಲು ಓದುತ್ತಲೇ, ರೈಲು ಓಡಿಸುವ ಕೆಲಸಕ್ಕೆಂದು ಹೋಗಿ, ಕೆಂಪು ಹಸಿರು ದೀಪದ ಪರೀಕ್ಷೆಯಲ್ಲಿ ಫೇಲಾಗಿ ಬಂದು, ಚಪ್ಪಲಿ ಕೂಡ ಬಿಚ್ಚದೆ ಮೆಟ್ಟಿಲ ಮೇಲೆ ಕೂತಿದ್ದೆಯಲ್ಲ ನೀನು, ಆ ಮುಖ ನೆನಪಾಯಿತು. ಅಂಥ ಮುಖವನ್ನು ಇನ್ನೊಮ್ಮೆ ನೋಡುವ ಶಕ್ತಿ ನನಗಿಲ್ಲ, ಅಣ್ಣಾ.

ಅದಕ್ಕೆ ಒಂದು ಉಪಾಯ ಮಾಡಿದೆ. ನಮ್ಮ ಅಂಗಡಿಯ ಪಕ್ಕದ ಕನ್ನಡಕದಂಗಡಿಯವರ ಹತ್ತಿರ ಬಣ್ಣದ ಪರೀಕ್ಷೆಯ ಹಳೇ ಪುಸ್ತಕ ಇತ್ತು, ಕೇಳಿ ತಂದೆ. ಪುಟದ ತುಂಬ ಬಣ್ಣದ ಚುಕ್ಕೆಗಳು, ಆ ಚುಕ್ಕೆಗಳ ಒಳಗೆ ಒಂದು ಅಂಕಿ. ನಾನು ನೋಡಿ ಅಂಕಿ ಹೇಳುವುದು, ಅವನು ಚುಕ್ಕೆಗಳು ಕೂತಿರುವ ರೀತಿ ನೋಡಿ ಪುಟದ ಗುರುತು ಹಿಡಿದು ಬಾಯಿಪಾಠ ಮಾಡುವುದು. ಮಗ್ಗಿ ಕಲಿಸಿದ ಹಾಗೆ ಕಲಿಸಿದೆ. ಒಂದು ಪುಟದಲ್ಲಿ ಮಾತ್ರ ನನಗೆ ಏನೂ ಕಾಣಲಿಲ್ಲ. "ಇದು ಖಾಲಿ, ಏನೂ ಇಲ್ಲ ಅನ್ನು" ಎಂದೆ.

"ಐದು ಇದೆಯಲ್ಲಮ್ಮ" ಎಂದ.

"ತಮಾಷೆ ಮಾಡ್ಬೇಡ, ನನಗೆ ತಲೆ ಕೆಟ್ಟುಹೋಗಿದೆ."

"ಅಮ್ಮಾ, ದೇವರಾಣೆ! ಇಷ್ಟು ದೊಡ್ಡ ಐದು!"

ನಾನು ಕನ್ನಡಕ ಒರೆಸಿಕೊಂಡು ನೋಡಿದೆ, ಪುಸ್ತಕ ಓರೆ ಮಾಡಿ ನೋಡಿದೆ. ಬರೀ ಚುಕ್ಕೆ. ಅವನ ಕಣ್ಣಿಗೆ ಏನೇನೋ ಕಾಣುತ್ತಿದೆ ಎಂದುಕೊಂಡು, "ನಾನು ಹೇಳಿದಷ್ಟು ಹೇಳು, ನಿನ್ನದೊಂದು ಸೇರಿಸಬೇಡ" ಎಂದು ಗದರಿಸಿದೆ.

ಸೋಮವಾರ ಡಾಕ್ಟರ ಹತ್ತಿರ ಹೋದೆವು. ಅವರೂ ಅದೇ ಪುಸ್ತಕ ತೆಗೆದರು. ಹಿಂದು ಮುಂದಾಗಿ ತೋರಿಸಿದರೂ ಇವನು ಪಟಪಟ ಹೇಳುತ್ತ ಹೋದ. ನನ್ನ ಜೀವಕ್ಕೆ ಸ್ವಲ್ಪ ಸಮಾಧಾನವಾಗುತ್ತಿದೆ ಎನ್ನುವಾಗ ಆ ಪುಟ ಬಂತು. ಇವನು ನನ್ನ ಕಡೆ ನೋಡಿದ. ನಾನು ಕಣ್ಣಲ್ಲೇ ಬೇಡ ಬೇಡ ಎಂದೆ.

"ಐದು" ಎಂದುಬಿಟ್ಟ.

ಡಾಕ್ಟರು ಪುಸ್ತಕ ಮಡಚಿಟ್ಟರು. "ಬಣ್ಣ ಸರಿಯಾಗಿ ಕಾಣೋರಿಗೆ ಈ ಹಾಳೇಲಿ ಏನೂ ಕಾಣಲ್ಲಮ್ಮ. ನಿಮ್ಮ ಮಗನಂಥವರಿಗೆ ಮಾತ್ರ ಈ ಅಂಕಿ ಕಾಣುತ್ತೆ" ಎಂದರು. ಈ ಮಹಾರಾಯನೋ, ನಗುತ್ತಿದ್ದಾನೆ! "ಹಾಗಾದ್ರೆ ಅಮ್ಮಂಗೆ ಕಾಣದೇ ಇರೋದು ನಂಗೆ ಕಂಡಿದ್ದು ನಿಜ ತಾನೆ ಡಾಕ್ಟ್ರೇ?" ಎಂದು ಕೇಳಿದ. ಹುಟ್ಟಿದಾಗಿನಿಂದ ನನಗೆ ಕಾಣುತ್ತದೆ, ಅವನಿಗೆ ಕಾಣುವುದಿಲ್ಲ ಎಂದೇ ಬೆಳೆದ ಹುಡುಗ. ಅವನ ಸಂತೋಷ ನನಗೆ ಅರ್ಥವಾಗಲಿಲ್ಲ ಎಂದಲ್ಲ. ಆದರೂ ಎರಡು ಬಾರಿಸುವಷ್ಟು ಸಿಟ್ಟು ಬಂತು. ಡಾಕ್ಟರು ಇದ್ದದ್ದನ್ನು ಇದ್ದ ಹಾಗೆ ಸರ್ಟಿಫಿಕೇಟಿನಲ್ಲಿ ಬರೆದುಕೊಟ್ಟರು.

ನಿನ್ನೆ ಕಾಲೇಜಿಗೆ ಹೋದೆವು. ವಿಭಾಗದ ಮುಖ್ಯಸ್ಥೆ ಒಬ್ಬ ಹೆಂಗಸು, ಗಡುಸು ದನಿ, ಬೆರಳ ತುದಿಯಲ್ಲಿ ಯಾವುದೋ ಆಮ್ಲ ಸುಟ್ಟ ಹಳದಿ ಕಲೆ. ಸರ್ಟಿಫಿಕೇಟ್ ಓದಿ, "ಬಣ್ಣ ನೋಡಿ ಮಾಡೋ ಪ್ರಯೋಗ ಹೇಗಪ್ಪ ಮಾಡ್ತೀಯ?" ಎಂದರು. "ಇಷ್ಟು ದಿನ ಸ್ನೇಹಿತ ಕೆಮ್ತಿದ್ದ ಮೇಡಂ. ಇನ್ನು ಮೇಲೆ ಅಳತೆ ಮಾಡೋ ಯಂತ್ರ ಇಟ್ಕೊಂಡು ಮಾಡ್ತೀನಿ" ಎಂದ. ಅವರಿಗೆ ನಗು ಬಂತೋ ಕೋಪ ಬಂತೋ ತಿಳಿಯಲಿಲ್ಲ. ಉಳಿದ ಅಧ್ಯಾಪಕರ ಜೊತೆ ಮಾತಾಡಿ ಶುಕ್ರವಾರ ಹೇಳುತ್ತೇವೆ, ಸಂಖ್ಯಾಶಾಸ್ತ್ರದಲ್ಲಿ ಇವತ್ತೇ ಸೀಟು ಕೊಡುತ್ತೇವೆ, ಆದರೆ ಸಂಜೆಯೊಳಗೆ ಸೇರದಿದ್ದರೆ ಅದು ಬೇರೆಯವರಿಗೆ ಹೋಗುತ್ತದೆ ಎಂದರು. ನಾನು ಅವನ ತೋಳು ಹಿಡಿದುಕೊಂಡೆ. ಇವನು, "ಬೇಡ ಮೇಡಂ, ಶುಕ್ರವಾರದ ತನಕ ಕಾಯ್ತೀನಿ" ಎಂದು ಎದ್ದೇಬಿಟ್ಟ. ಕೈಯಲ್ಲಿದ್ದದ್ದನ್ನೂ ಬಿಟ್ಟುಬಂದಿದ್ದಾನೆ.

ಶುಕ್ರವಾರ ಇಲ್ಲ ಎಂದರೆ ಅವನ ಗತಿ ಏನು ಎಂದು ಹೆದರಿಕೆ. ಬಾ ಎಂದರೆ ಅದಕ್ಕಿಂತ ಹೆದರಿಕೆ. ಒಂದು ಸೀಸೆಗೆ ಬದಲು ಇನ್ನೊಂದು ಸೀಸೆ ಎತ್ತಿಕೊಂಡರೆ? ಮುಖದ ಮೇಲೆ ಸಿಡಿದರೆ? ಅಂಗಡಿಯಲ್ಲಿ ನೀಲಿ ದಾರ ಕೇಳಿದವರಿಗೆ ನೇರಳೆ ಕೊಟ್ಟು ಬೈಸಿಕೊಂಡೆ. ಯಜಮಾನರು, "ಸೀಸೆ ಮೇಲೆ ಹೆಸರು ಬರೆದಿರ್ತಾರೆ ಕಣೇ, ಅವನಿಗೆ ಓದೋಕೆ ಬರುತ್ತೆ" ಎನ್ನುತ್ತಾರೆ. ಅವರೂ ಎರಡು ದಿನದಿಂದ ಸರಿಯಾಗಿ ಊಟ ಮಾಡಿಲ್ಲ.

ನಿನ್ನ ಮಾತು ಅವನು ಕೇಳುತ್ತಾನೆ. ಶುಕ್ರವಾರದೊಳಗೆ ತಲುಪದಿದ್ದರೂ ಸರಿ, ಒಂದು ನಾಲ್ಕು ಸಾಲು ಅವನಿಗೇ ಬರೆ. ಬೇಡ ಅನ್ನು, ಇಲ್ಲ ಹೋಗು ಅನ್ನು, ಏನಾದರೂ ಅನ್ನು. ಆ ಬಾಗಿಲಿನಿಂದ ಬರಿಗೈಯಲ್ಲಿ ವಾಪಸು ಬಂದವನು ನಮ್ಮಲ್ಲಿ ನೀನೊಬ್ಬನೇ.

ಅತ್ತಿಗೆಗೆ ನಮಸ್ಕಾರ, ಮಕ್ಕಳಿಗೆ ನನ್ನ ಮುತ್ತು. ನಿನ್ನ ಆಶೀರ್ವಾದದ ಕೈ ನನ್ನ ಮಗನ ತಲೆ ಮೇಲಿರಲಿ.

ನಿನ್ನ ಪುಕ್ಕಲು ತಂಗಿ

ತಾ.ಕ.: ಮಡಚಿದ ಕಾಗದವನ್ನು ಮತ್ತೆ ಬಿಚ್ಚಿದ್ದೇನೆ. ಒಂದು ಮಾತು ಬರೆಯದೆ ಬಿಟ್ಟಿದ್ದೆ. ಡಾಕ್ಟರು ಸರ್ಟಿಫಿಕೇಟ್ ಬರೆಯುವ ಮೊದಲು, "ಇದು ತಾಯಿ ಕಡೆಯಿಂದ ಬರೋದು. ನಿಮಗೆ ಅಣ್ಣ ತಮ್ಮಂದಿರಿದ್ದಾರಾ? ಅವರಲ್ಲಿ ಯಾರಿಗಾದ್ರೂ ಹೀಗಿದೆಯಾ?" ಎಂದು ಕೇಳಿದರು. ಹೌದು ಎಂದರೆ ಇನ್ನೂ ಗಟ್ಟಿಯಾಗಿ ಬರೆದುಬಿಡುತ್ತಾರೇನೋ ಎಂದು ಹೆದರಿ, "ಇಲ್ಲ, ನನಗೆ ಅಣ್ಣ ತಮ್ಮಂದಿರು ಯಾರೂ ಇಲ್ಲ" ಎಂದುಬಿಟ್ಟೆ. ನಿನ್ನ ಹೆಗಲ ಮೇಲೆ ಬೆಳೆದವನು ಪಕ್ಕದಲ್ಲೇ ಕೂತು ಕೇಳಿಸಿಕೊಂಡ. ನಿನ್ನೆ ಕಾಲೇಜಿನಿಂದ ಬಸ್ಸಿನಲ್ಲಿ ಬರುವಾಗ, ನನ್ನ ಮುಖ ನೋಡದೆ, ಮೆಲ್ಲಗೆ ಕೇಳಿದ:

"ಅಮ್ಮಾ, ಶುಕ್ರವಾರ ನನ್ನನ್ನ ಬೇಡ ಅಂದ್ರೆ, ಆಮೇಲೆ ಯಾರಾದ್ರೂ ಕೇಳಿದಾಗ ಮಗನೂ ಇಲ್ಲ ಅಂತೀಯಾ?"