ಪೆಟ್ಟಿಗೆಯ ಸಾ

ಜುಲೈ 8, 1986. ಇಳಕಲ್ಲ. ಬೆಳಿಗ್ಗೆ

ಪೆಟ್ಟಿಗೆ ಹಚ್ಚಿದೆ. ಕ್ಲಾಸು ಶುರು. ಪುಣೆಯ ಕಂಪನಿಯ ಇಲೆಕ್ಟ್ರಾನಿಕ್ ತಂಬೂರಿ. ದಣಿಯುವುದಿಲ್ಲ, ತಂತಿ ಹರಿಯುವುದಿಲ್ಲ. ಒಳಗೊಂದು ಕಾರ್ಡು, ಸ್ವರವೆಲ್ಲ ಅದರಲ್ಲೇ. ಶ್ರುತಿ ಏರಿಸಲು ಇಳಿಸಲು ಬರುವುದಿಲ್ಲ — ಹಾರ್ಮೋನಿಯಮ್ಮಿನ ನಾಲ್ಕನೇ ಕಪ್ಪು ಮನೆ, ಅಂದರೆ ಕಪ್ಪು ನಾಲ್ಕಕ್ಕಿಂತ ಕೂದಲೆಳೆಯಷ್ಟು ಮೇಲೆ. ಹಾಗಾಗಿ ನಾವೇ ಹೊಂದಿಕೊಂಡೆವು. ಹಾರ್ಮೋನಿಯಮ್ ರಿಪೇರಿಯ ಮುರ್ತುಜಸಾಬ ನಮ್ಮದರ ರೀಡುಗಳನ್ನು ತೀಡಿ ಅದಕ್ಕೆ ಕೂಡಿಸಿದ. ನನ್ನ ಶಿಷ್ಯೆ ಶಾರವ್ವನ ಗಂಟಲೂ ಅಲ್ಲೇ ನಿಂತಿತು. ದಸರೆಗೆ ಪೆಟ್ಟಿಗೆಗೆ ಕುಂಕುಮ ಹಚ್ಚುವವಳೂ ಅವಳೇ.

ನವೆಂಬರಿನಲ್ಲಿ ಅವಳಿಗೆ ಧಾರವಾಡ ರೇಡಿಯೋದ ಆಡಿಶನ್. ಅಪ್ಪ ಮಲಕಪ್ಪ ಮಗ್ಗ ಬಿಟ್ಟು ಬಂದು ಹೇಳಿ ಹೋದ: "ಪಾಸಾದ್ರ ಹಾಡ್ಲಿ. ಇಲ್ಲಂದ್ರ ಗುಡೂರಿನ ವರ ಕಾಯಾಕತ್ತಾನ್ರಿ ಮಾಸ್ತರ."

ಆಗಸ್ಟ್ 19

ಕಾರ್ಡಿಗೇ ಬೆಸೆದ ಸೆಲ್ಲು ಸಾಯುತ್ತಿದೆ; ಅದನ್ನಷ್ಟೇ ಬದಲಿಸಲು ಬರುವುದಿಲ್ಲ. ಸ್ವರ ನಡುಗುತ್ತದೆ. ಹೊಸ ಕಾರ್ಡಿಗೆಂದು ಬಾಗಲಕೋಟೆಗೆ ಹೋದೆ. ಏಜೆಂಟ್ ಹಣಮಪ್ಪ ಕೇಳದೆಯೇ ಚಾ ತರಿಸಿದ. ಆಗಲೇ ಅನುಮಾನ.

"ಶ್ರುತಿ ಬದಲಿ ಮಾಡ್ಯಾರ್ರಿ ಸರ. ಮೊದಲಿಂದು ತಪ್ಪಿತ್ತಂತ. ಈಗಿಂದು ಪಕ್ಕಾ ಕಪ್ಪು ನಾಲ್ಕು. ರೇಟು ಹಳೇದ."

"ನಮಗ ಹಳೇ ಶ್ರುತಿನ ಬೇಕಲ್ಲ."

"ಅದು ಸ್ಪೆಷಲ್ ಆಗೇತ್ರಿ. ಮೂರು ಪಟ್ಟು. ಅದೂ ವರ್ಷಾ ವರ್ಷಾ."

"ಒಮ್ಮೆ ತಗೊಂಡ್ರ ಮುಗೀತು ಅಂದಿದ್ದಿ. ತಪ್ಪು ಯಾರದು?"

"ಕಂಪನೀದ್ರಿ."

"ರೊಕ್ಕ?"

"ನಿಮ್ಮದು."

ನಕ್ಕ. ನಾನೂ ನಕ್ಕೆ. ಮರಳುವ ಬಸ್ಸಿನಲ್ಲಿ ಹುನಗುಂದದವರೆಗೂ ಆ ನಗು ಮುಖದ ಮೇಲಿತ್ತು, ಯಾರೋ ಇಟ್ಟು ಮರೆತ ಹಾಗೆ.

ಆಗಸ್ಟ್ 21

ರೀಡುಗಳನ್ನು ಮತ್ತೆ ಕಪ್ಪು ನಾಲ್ಕಕ್ಕೆ ಇಳಿಸೆಂದು ಮುರ್ತುಜಸಾಬನಿಗೆ ಹೇಳಿದೆ.

"ಇನ್ನೊಮ್ಮೆ ತೀಡಿದ್ರ ಹಾಡೂದಿಲ್ರಿ, ಕೆಮ್ತಾವು. ಹೊಸಾವು ಹಾಕ್ಬೇಕು. ಅದಕ್ಕಿಂತ ಕಾರ್ಡ ಸಸ್ತಾ."

"ನೀ ಯಾರ ಕಡೆಯವ?"

"ನಾ ಕಂಪನಿ ಅಳಿಯ ಏನ್ರಿ?"

ಸೆಪ್ಟೆಂಬರ್ 3

ಕಂಪನಿಯ ಸಹವಾಸ ಸಾಕು. ಅಟ್ಟದಿಂದ ಹಳೆಯ ತಂಬೂರಿ ಇಳಿಸಿ, ಸರಿಯಾದ ಕಪ್ಪು ನಾಲ್ಕಕ್ಕೆ ಕೂಡಿಸಿದೆ. ಶಾರವ್ವ ಹಾಡಿದಳು. ಸ್ವಲ್ಪ ಹೊತ್ತು ಆ ಶ್ರುತಿಯಲ್ಲಿ ನಿಂತಳು. ಆಮೇಲೆ —

"ತಂಬೂರಿ ಇಳೀತ್ರಿ ಸರ."

"ತಂಬೂರಿ ಅಲ್ಲವ್ವ. ನೀ ಏರಿದಿ."

ನಂಬಲಿಲ್ಲ.

ಸೆಪ್ಟೆಂಬರ್ 26

ದಿನವೂ ಅದೇ. ಈಗ ಅವಳು ಬಾಯಿ ತೆರೆಯುವ ಮೊದಲೇ ಹೆದರುತ್ತಾಳೆ. ಇವತ್ತು ಹಾಡಲೇ ಇಲ್ಲ. ಮಧ್ಯಾಹ್ನದ ಬಸ್ಸಿಗೆ ಬಾಗಲಕೋಟೆ.

ಹಣಮಪ್ಪ ಡ್ರಾಯರ್ ಎಳೆದ. "ಬರ್ತೀರಂತ ಗೊತ್ತಿತ್ರಿ. ನಿಮ್ಮ ಹೆಸರಿಲೆ ತೆಗದಿಟ್ಟಿದ್ದೆ."

ಬೈಯಬೇಕೆಂದಿದ್ದೆ. ಮೂರು ಪಟ್ಟು ರೊಕ್ಕ ಎಣಿಸಿ, ಹಳೇ ಶ್ರುತಿಯ ಕಾರ್ಡನ್ನು ಜೇಬಿಗೆ ಹಾಕಿಕೊಂಡು ಥ್ಯಾಂಕ್ಸ್ ಅಂದೆ.

ಸೆಪ್ಟೆಂಬರ್ 27

ಪೆಟ್ಟಿಗೆ ಹಚ್ಚಿದೆ. ಶಾರವ್ವನ ಸಾ ತಕ್ಷಣ ಬಂದು ಕೂತಿತು, ಸಾಕಿದ ಪಾರಿವಾಳದಂತೆ. ನನಗೆ ಸಮಾಧಾನವಾಯಿತು. ಆ ಸಮಾಧಾನವೇ ಅಸಹ್ಯ.

ನವೆಂಬರ್ 12. ಧಾರವಾಡದಿಂದ ಬರುವ ಬಸ್ಸಿನಲ್ಲಿ

ನಮ್ಮ ಹಾರ್ಮೋನಿಯಮ್ ಒಯ್ದಿದ್ದೆವು. ರೇಡಿಯೋದವರು ಹೊರಗೇ ಇಡಿಸಿದರು. ಅಲ್ಲಿಯದೇ ನುಡಿಸಬೇಕಂತೆ. ಅದು ಒಂದು ದಾರಿ, ಇವಳು ಒಂದು ದಾರಿ. ಕೂದಲೆಳೆಯ ಅಂತರ. ಹಾಡಿನ ಎರಡನೇ ಭಾಗ, ಅಂತರಾ, ಶುರುವಾಗುತ್ತಲೇ ನಿಲ್ಲಿಸಿ, ಸಾಕಮ್ಮ ಅಂದರು.

ಮಲಕಪ್ಪ ಮುಂದಿನ ಸೀಟಿನಲ್ಲಿ. ಗುಡೂರಿನ ವರನ ಬಗ್ಗೆ ಯಾರಿಗೋ ಹೇಳುತ್ತಿದ್ದಾನೆ.

ಕೆರೂರು ದಾಟಿದ ಮೇಲೆ ಶಾರವ್ವ ಕೇಳಿದಳು: "ಅವರ ಹಾರ್ಮೋನಿಯಮ್ಮ ತಪ್ಪಿತ್ತಲ್ರಿ ಸರ?"

ಹೌದವ್ವ ಅಂದೆ. ಅವಳು ಕಿಟಕಿಯ ಕಡೆ ತಿರುಗಿದಳು. ಸರಿಯಾದ ಸಾ ಯಾವುದೆಂದು ನನಗಾದರೂ ಗೊತ್ತಿರಬೇಕು — ಮೆಲ್ಲಗೆ ಗುನುಗಿ ನೋಡಿದೆ. ಪೆಟ್ಟಿಗೆಯದೇ ಬಂತು. ಇಳಿಸಿದೆ. ಮತ್ತೆ ಅದೇ. ಇನ್ನೊಮ್ಮೆ, ಕಣ್ಣು ಮುಚ್ಚಿ, ಕೆಳಗಿನಿಂದ ನಿಧಾನವಾಗಿ —